ಸಹಿ ಹಾಕುವ ಮುನ್ನ: ಮನುಷ್ಯರ ಮೇಲಿನ ಸಂಶೋಧನೆ ಮತ್ತು ನೀತಿ

ಜಿಲ್ಲಾ ಆಸ್ಪತ್ರೆಯೊಂದರ ಹೊರರೋಗಿ ವಿಭಾಗವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಳಗಿನ ಮೊದಲ ಬಸ್ಸಿಗೆ ಬಂದ ವೃದ್ಧರೊಬ್ಬರು ಚೀಟಿ ಮಾಡಿಸಿ, ಸಾಲಿನಲ್ಲಿ ಕಾದು, ಸಕ್ಕರೆ ಕಾಯಿಲೆಗೆ ಮಾತ್ರೆ ಬರೆಸಿಕೊಂಡು ಹೊರಗೆ ಬಂದಿದ್ದಾರೆ. ಕೈಯಲ್ಲಿ ಫೈಲು ಹಿಡಿದ ಯುವಕನೊಬ್ಬ ಹತ್ತಿರ ಬಂದು, "ಅಜ್ಜಾ, ಹೊಸ ಮಾತ್ರೆ ಬಂದಿದೆ. ದುಡ್ಡು ಕೊಡೋದು ಬೇಡ. ಇಲ್ಲೊಂದು ಸಹಿ ಹಾಕಿ" ಎನ್ನುತ್ತಾನೆ. ಹತ್ತಾರು ಪುಟಗಳ ಕಾಗದ. ಅಜ್ಜ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದಾರೆ. "ಡಾಕ್ಟರು ಹೇಳಿದಾರೇನಪ್ಪ?" ಎಂದು ಕೇಳುತ್ತಾರೆ. "ಹೌದಜ್ಜಾ, ಅವರೇ ಕಳಿಸಿದ್ದು." ಅಜ್ಜನಿಗೆ ಅಷ್ಟು ಸಾಕು. ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಾರೆ.

ಇಲ್ಲಿ ಯಾರೂ ಯಾರನ್ನೂ ಹೆದರಿಸಲಿಲ್ಲ. ಕಾಗದವೂ ಇದೆ, ಸಹಿಯೂ ಇದೆ. ಆ ಮಾತ್ರೆ ನಿಜಕ್ಕೂ ಒಳ್ಳೆಯದೇ ಇರಬಹುದು. ಆದರೂ ಇಲ್ಲೊಂದು ತಪ್ಪು ನಡೆದಿದೆ. ತಾನು ಒಪ್ಪಿದ್ದು ಚಿಕಿತ್ಸೆಗಲ್ಲ, ಸಂಶೋಧನೆಗೆ ಎಂಬುದು ಅಜ್ಜನಿಗೆ ಗೊತ್ತಿಲ್ಲ. ಬೇಡ ಎನ್ನುವ ದಾರಿಯೊಂದಿದೆ ಎಂಬುದೂ ಗೊತ್ತಿಲ್ಲ. ಈ ಎರಡು ತಿಳಿಯದೆ ಹಾಕಿದ ಸಹಿಗೆ ಒಪ್ಪಿಗೆ ಎಂಬ ಹೆಸರು ಸಲ್ಲುವುದಿಲ್ಲ. ಇಷ್ಟು ಸರಳವಾದ ಮಾತನ್ನು ಕಲಿಯಲು ಜಗತ್ತು ಬಹಳ ದೊಡ್ಡ ಬೆಲೆ ತೆತ್ತಿದೆ. ಆ ಕಥೆಯನ್ನೂ, ಅದರಿಂದ ಹುಟ್ಟಿದ ನಿಯಮಗಳನ್ನೂ, ನಮ್ಮ ನಿಮ್ಮಂಥವರು ತಿಳಿದಿರಬೇಕಾದ ಹಕ್ಕುಗಳನ್ನೂ ಇಲ್ಲಿ ನೋಡೋಣ.

ಚಿಕಿತ್ಸೆ ಬೇರೆ, ಸಂಶೋಧನೆ ಬೇರೆ

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಮನುಷ್ಯರ ಮೇಲೆ ಸಂಶೋಧನೆ ನಡೆಯಲೇಬಾರದು ಎಂದು ಯಾರೂ ಹೇಳುತ್ತಿಲ್ಲ. ನಾವು ಇಂದು ನುಂಗುವ ಪ್ರತಿ ಮಾತ್ರೆಯ ಹಿಂದೆಯೂ ಅದನ್ನು ಮೊದಲು ನುಂಗಿದ ಯಾರೋ ಇದ್ದಾರೆ. ನಮ್ಮ ನೆರೆಯ ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಕ್ಷಯರೋಗದ ಅಧ್ಯಯನವನ್ನೇ ನೋಡಿ. ಕ್ಷಯ ಬಂದವರನ್ನು ಸ್ಯಾನಟೋರಿಯಂಗೆ ಸೇರಿಸಿ ತಿಂಗಳುಗಟ್ಟಲೆ ಮಲಗಿಸಬೇಕು ಎಂಬುದು ಆಗಿನ ನಂಬಿಕೆ. ಬಡವರಿಗೆ ಅದು ಆಗದ ಮಾತು. ಕೆಲವರಿಗೆ ಮನೆಯಲ್ಲಿ, ಕೆಲವರಿಗೆ ಸ್ಯಾನಟೋರಿಯಂನಲ್ಲಿ ಅವೇ ಔಷಧಗಳನ್ನು ಕೊಟ್ಟು ಹೋಲಿಸಿ ನೋಡಿದಾಗ, ಮನೆಯಲ್ಲಿದ್ದು ಔಷಧ ತೆಗೆದುಕೊಂಡವರೂ ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನಾದ್ಯಂತ ಕ್ಷಯದ ಚಿಕಿತ್ಸಾ ಕ್ರಮವನ್ನೇ ಬದಲಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು.

ಹಾಗಾದರೆ ಚಿಕಿತ್ಸೆಗೂ ಸಂಶೋಧನೆಗೂ ಏನು ವ್ಯತ್ಯಾಸ? ಚಿಕಿತ್ಸೆಯಲ್ಲಿ ವೈದ್ಯರ ಗುರಿ ಒಂದೇ: ಎದುರಿಗೆ ಕುಳಿತ ರೋಗಿಗೆ ಗುಣವಾಗಬೇಕು. ನಿಮ್ಮ ವಯಸ್ಸು, ತೂಕ, ನಿಮಗಿರುವ ಬೇರೆ ಕಾಯಿಲೆಗಳನ್ನು ನೋಡಿ ಅವರು ಔಷಧ ಆರಿಸುತ್ತಾರೆ. ಸಂಶೋಧನೆಯ ಗುರಿ ತಿಳಿವಳಿಕೆ. ಮುಂದಿನ ಸಾವಿರಾರು ರೋಗಿಗಳಿಗೆ ಯಾವ ಔಷಧ ಒಳ್ಳೆಯದು ಎಂದು ಕಂಡುಕೊಳ್ಳುವುದು ಅಲ್ಲಿನ ಉದ್ದೇಶ. ಅದಕ್ಕಾಗಿ ಭಾಗವಹಿಸುವವರನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಹೊಸ ಔಷಧ. ಇನ್ನೊಂದಕ್ಕೆ ಈಗಾಗಲೇ ಬಳಕೆಯಲ್ಲಿರುವ ಔಷಧ, ಕೆಲವು ಸಂದರ್ಭಗಳಲ್ಲಿ ಔಷಧದ ಅಂಶವೇ ಇಲ್ಲದ, ನೋಡಲು ಮಾತ್ರ ಹಾಗೆಯೇ ಇರುವ ಮಾತ್ರೆ. ಇದಕ್ಕೆ ಪ್ಲೇಸಿಬೋ ಎನ್ನುತ್ತಾರೆ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರು ನಿರ್ಧರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಎಷ್ಟೋ ವೇಳೆ ಯಾರಿಗೆ ಯಾವುದು ಸಿಕ್ಕಿದೆ ಎಂದು ರೋಗಿಗೂ ತಿಳಿದಿರುವುದಿಲ್ಲ, ವೈದ್ಯರಿಗೂ ತಿಳಿದಿರುವುದಿಲ್ಲ.

ಇದರಲ್ಲಿ ಮೋಸವಿಲ್ಲ. ಹೊಸ ಔಷಧ ಎಂದು ಗೊತ್ತಾದರೆ ರೋಗಿಗೆ ಅದರಿಂದಲೇ ಗೆಲುವೆನಿಸಬಹುದು, ವೈದ್ಯರ ಕಣ್ಣಿಗೂ ಆತ ಸುಧಾರಿಸಿದಂತೆ ಕಾಣಬಹುದು. ಆ ಭ್ರಮೆಯನ್ನು ದೂರ ಇಡಲು ಈ ಏರ್ಪಾಡು. ಆದರೆ ಇದನ್ನು ಭಾಗವಹಿಸುವವರಿಗೆ ಮೊದಲೇ ಹೇಳಿರಬೇಕು. ನಮ್ಮ ಅಜ್ಜನ ಮನಸ್ಸಿನಲ್ಲಿರುವುದು "ಡಾಕ್ಟರು ನನಗೆ ಒಳ್ಳೆಯದೆಂದು ಆರಿಸಿದ ಮಾತ್ರೆ" ಎಂಬ ಭಾವನೆ. ನಡೆಯುತ್ತಿರುವುದು ಚೀಟಿ ಎತ್ತುವ ಕೆಲಸ. ಈ ಅಂತರವನ್ನು ತುಂಬದೆ ಪಡೆದ ಸಹಿ, ಅವರ ನಂಬಿಕೆಯನ್ನು ದುಡಿಸಿಕೊಂಡ ಹಾಗೆ.

ಟಸ್ಕೀಗಿಯ ನಲವತ್ತು ವರ್ಷ

ನಂಬಿಕೆಯನ್ನು ಹೀಗೆ ದುಡಿಸಿಕೊಂಡರೆ ಅದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಇಂದಿಗೂ ಪಾಠವಾಗಿ ಉಳಿದಿದೆ. ಅಲಬಾಮಾ ರಾಜ್ಯದ ಮೇಕನ್ ಕೌಂಟಿ ಹತ್ತಿ ಬೆಳೆಯುವ ಸೀಮೆ. ಅಲ್ಲಿನ ಕಪ್ಪು ಜನಾಂಗದ ಬಡ ರೈತರಲ್ಲಿ ಬಹುಪಾಲು ಮಂದಿ ಇನ್ನೊಬ್ಬರ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು. ಜೀವಮಾನದಲ್ಲಿ ವೈದ್ಯರನ್ನು ಕಂಡವರೇ ವಿರಳ. 1932ರಲ್ಲಿ ಅಮೆರಿಕ ಸರಕಾರದ ಸಾರ್ವಜನಿಕ ಆರೋಗ್ಯ ಸೇವೆ ಅಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗದ ಬಗ್ಗೆ ಅಧ್ಯಯನ ಆರಂಭಿಸಿತು. ಚಿಕಿತ್ಸೆ ಕೊಡದೆ ಬಿಟ್ಟರೆ ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುವುದು ಉದ್ದೇಶ. ಸುಮಾರು 600 ಮಂದಿ ಕಪ್ಪು ಗಂಡಸರನ್ನು ಸೇರಿಸಿಕೊಂಡರು. ಅವರಲ್ಲಿ 399 ಮಂದಿಗೆ ರೋಗವಿತ್ತು, 201 ಮಂದಿಗೆ ಇರಲಿಲ್ಲ.

ಆ ಗಂಡಸರಿಗೆ ರೋಗದ ಹೆಸರನ್ನು ಹೇಳಲಿಲ್ಲ. "ನಿಮ್ಮ ರಕ್ತ ಕೆಟ್ಟಿದೆ" ಎಂದಷ್ಟೇ ಹೇಳಿದರು. ಬೆನ್ನುಹುರಿಯಿಂದ ನೀರು ತೆಗೆದು ಪರೀಕ್ಷಿಸುವ ನೋವಿನ ಕೆಲಸಕ್ಕೆ ಕರೆಯುವಾಗ, ಅದು ವಿಶೇಷವಾದ ಉಚಿತ ಚಿಕಿತ್ಸೆ ಎಂದು ಪತ್ರ ಬರೆದರು. ಪರೀಕ್ಷೆಯ ದಿನ ಬಿಸಿಯೂಟ, ಕಾರಿನಲ್ಲಿ ಕರೆದೊಯ್ಯುವುದು, ಸತ್ತ ಮೇಲೆ ಶವಪರೀಕ್ಷೆಗೆ ಒಪ್ಪಿದರೆ ಮಣ್ಣು ಮಾಡಲು 50 ಡಾಲರ್. ಅಂತ್ಯಸಂಸ್ಕಾರಕ್ಕೂ ದುಡ್ಡಿಲ್ಲದ ಮನೆಗಳಿಗೆ ಈ ಕೊನೆಯದು ಸಣ್ಣ ಆಸೆಯಲ್ಲ. ಯೂನಿಸ್ ರಿವರ್ಸ್ ಎಂಬ, ಅವರದೇ ಜನಾಂಗದ ದಾದಿ ಆ ಗಂಡಸರ ಮನೆಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸುತ್ತಿದ್ದರು. ಜನ ಆಕೆಯನ್ನು ನಂಬಿದ್ದರು. ಆ ನಂಬಿಕೆಯ ಮೇಲೆಯೇ ಅಧ್ಯಯನ ನಲವತ್ತು ವರ್ಷ ನಡೆಯಿತು.

ಆರಂಭದಲ್ಲಿ ಸಿಫಿಲಿಸ್‌ಗೆ ಒಳ್ಳೆಯ ಔಷಧ ಇರಲಿಲ್ಲ, ನಿಜ. ಇದ್ದ ಔಷಧಗಳು ವಿಷದಂಥವು. ಆದರೆ 1947ರ ಹೊತ್ತಿಗೆ ಪೆನಿಸಿಲಿನ್ ಆ ರೋಗಕ್ಕೆ ಎಲ್ಲರೂ ಒಪ್ಪಿದ ಮದ್ದಾಗಿತ್ತು. ಅಧ್ಯಯನ ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಔಷಧ ಕೊಟ್ಟರೆ ಅಧ್ಯಯನ ಹಾಳಾಗುತ್ತದೆ ಎಂದು ವೈದ್ಯರು ಲೆಕ್ಕ ಹಾಕಿದರು. ಇವರಿಗೆ ಚಿಕಿತ್ಸೆ ಕೊಡಬೇಡಿ ಎಂದು ಸುತ್ತಲಿನ ವೈದ್ಯರಿಗೆ ಹೆಸರುಗಳ ಪಟ್ಟಿ ಕೊಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಕರೆ ಬಂದವರಿಗೆ ಅಲ್ಲಿ ಚಿಕಿತ್ಸೆ ಸಿಕ್ಕೀತೆಂದು ಅದನ್ನೂ ತಪ್ಪಿಸಿದ್ದರು. ಎಷ್ಟೋ ಮಂದಿ ಕುರುಡರಾದರು, ಎಷ್ಟೋ ಮಂದಿಯ ಹೃದಯ ಹಾಳಾಯಿತು, ಸತ್ತರು. ರೋಗ ಹೆಂಡತಿಯರಿಗೂ ಹುಟ್ಟಿದ ಮಕ್ಕಳಿಗೂ ತಗುಲಿತು.

ಇದೆಲ್ಲ ಗುಟ್ಟಾಗಿ ನಡೆದದ್ದಲ್ಲ ಎಂಬುದು ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿ. 1936ರಿಂದ ಈ ಅಧ್ಯಯನದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗುತ್ತಲೇ ಇದ್ದವು. ಸಾವಿರಾರು ವೈದ್ಯರು ಅವನ್ನು ಓದಿದರು. 1965ರಲ್ಲಿ ಅರ್ವಿನ್ ಶಾಟ್ಸ್ ಎಂಬ ವೈದ್ಯರು ಆಕ್ಷೇಪಿಸಿ ಬರೆದ ಪತ್ರಕ್ಕೆ ಉತ್ತರವೇ ಹೋಗಲಿಲ್ಲ. ಅದೇ ಆರೋಗ್ಯ ಸೇವೆಯ ನೌಕರ ಪೀಟರ್ ಬಕ್ಸ್‌ಟನ್ 1966ರಿಂದ ಮೇಲಧಿಕಾರಿಗಳಿಗೆ ಬರೆದರೂ ಫಲ ಕಾಣದೆ, ಕೊನೆಗೆ ಪತ್ರಕರ್ತರಿಗೆ ವಿಷಯ ತಿಳಿಸಿದರು. ಜೀನ್ ಹೆಲ್ಲರ್ ಎಂಬ ವರದಿಗಾರ್ತಿ 1972ರ ಜುಲೈ ತಿಂಗಳಲ್ಲಿ ಅದನ್ನು ಬಯಲಿಗೆಳೆದರು. ಅದೇ ವರ್ಷ ಅಧ್ಯಯನ ನಿಂತಿತು. 1974ರಲ್ಲಿ ಸರಕಾರ ನ್ಯಾಯಾಲಯದ ಹೊರಗೆ ರಾಜಿಯಾಗಿ ಸುಮಾರು ಒಂದು ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಅಧ್ಯಕ್ಷ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದ್ದು 1997ರ ಮೇ 16ರಂದು. ಆ ಹೊತ್ತಿಗೆ ಆ ಗಂಡಸರಲ್ಲಿ ಉಳಿದಿದ್ದವರು ಎಂಟೇ ಮಂದಿ.

ನಿಯಮ ಬಂತು, ಆದರೆ ತಮಗಲ್ಲ ಎಂದುಕೊಂಡರು

1947 ಎಂಬ ವರ್ಷವನ್ನು ಮೇಲೆ ಹೇಳಿದೆವು. ಅದೇ ವರ್ಷ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಇನ್ನೊಂದು ತೀರ್ಪು ಬಂತು. ಹಿಟ್ಲರನ ಕಾಲದ ಸೆರೆಶಿಬಿರಗಳಲ್ಲಿ ಕೈದಿಗಳನ್ನು ಮಂಜಿನಂಥ ನೀರಿನಲ್ಲಿ ಮುಳುಗಿಸಿ, ಬೇಕೆಂದೇ ಮಲೇರಿಯಾ ಮೊದಲಾದ ರೋಗಗಳನ್ನು ತಗುಲಿಸಿ ಪ್ರಯೋಗ ಮಾಡಿದ ಆರೋಪದ ಮೇಲೆ 23 ಮಂದಿಯ ವಿಚಾರಣೆ ನಡೆದಿತ್ತು. ಅವರಲ್ಲಿ 20 ಮಂದಿ ವೈದ್ಯರು. ಅಮೆರಿಕದ ನ್ಯಾಯಾಧೀಶರು ಆಗಸ್ಟ್ ತಿಂಗಳಲ್ಲಿ ಕೊಟ್ಟ ಆ ತೀರ್ಪಿನಲ್ಲಿ ಮನುಷ್ಯರ ಮೇಲೆ ಪ್ರಯೋಗ ನಡೆಸಲು ಹತ್ತು ನಿಯಮಗಳಿದ್ದವು. ಇವೇ ನ್ಯೂರೆಂಬರ್ಗ್ ಸಂಹಿತೆ ಎಂದು ಹೆಸರಾದವು. ಅವುಗಳಲ್ಲಿ ಮೊದಲನೆಯದು: ಭಾಗವಹಿಸುವ ವ್ಯಕ್ತಿ ಸ್ವಇಚ್ಛೆಯಿಂದ ಒಪ್ಪಿರಲೇಬೇಕು. ಯಾವಾಗ ಬೇಕಾದರೂ ಪ್ರಯೋಗದಿಂದ ಹೊರಬರುವ ಸ್ವಾತಂತ್ರ್ಯವೂ ಅವನಿಗಿರಬೇಕು ಎಂದು ಇನ್ನೊಂದು ನಿಯಮ.

ಪೆನಿಸಿಲಿನ್ ಕೈಗೆ ಬಂದ ಕಾಲವೂ ಅದೇ, ಈ ಸಂಹಿತೆ ಬಂದ ವರ್ಷವೂ ಅದೇ. ಎರಡೂ ಅಲಬಾಮಾದ ಆ ರೈತರಿಗೆ ಮುಟ್ಟಲಿಲ್ಲ. ಏಕೆ? ಅಮೆರಿಕದ ವೈದ್ಯರಲ್ಲಿ ಬಹುಮಂದಿ, ಅದು ಕ್ರೂರಿಗಳಿಗೆ ಬೇಕಾದ ಕಾನೂನು, ನಮ್ಮಂಥ ಸಜ್ಜನರಿಗೆ ಅದರ ಅಗತ್ಯವಿಲ್ಲ ಎಂದು ಭಾವಿಸಿದ್ದರು. ಟಸ್ಕೀಗಿ ಕಲಿಸುವ ಪಾಠ ಇದೇ. ಅಲ್ಲಿದ್ದವರು ತಮ್ಮನ್ನು ತಾವು ರಾಕ್ಷಸರೆಂದುಕೊಂಡಿರಲಿಲ್ಲ. ವಿಜ್ಞಾನಕ್ಕೆ ಒಳ್ಳೆಯದಾಗುತ್ತದೆ, ಈ ಜನಕ್ಕೆ ಹೇಳಿದರೂ ತಿಳಿಯುವುದಿಲ್ಲ ಎಂದುಕೊಂಡಿದ್ದರು. ಸಜ್ಜನಿಕೆಯೊಂದನ್ನೇ ನಂಬಿ ಕೂರುವಂತಿಲ್ಲ, ಹೊರಗಿನವರ ಕಣ್ಣೂ ಇರಬೇಕು ಎಂಬ ಅರಿವು ಆಗ ಮೂಡಿತು.

1964ರಲ್ಲಿ ವಿಶ್ವ ವೈದ್ಯಕೀಯ ಸಂಘ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಸೇರಿ ವೈದ್ಯರಿಗಾಗಿ ಒಂದು ಘೋಷಣೆ ಹೊರಡಿಸಿತು. ಹಲವು ಬಾರಿ ತಿದ್ದುಪಡಿಯಾದ ಈ ಘೋಷಣೆಗೆ 2024ರಲ್ಲಿ ಮತ್ತೊಂದು ಪರಿಷ್ಕರಣೆ ಬಂತು. ಪ್ರಯೋಗಕ್ಕೆ ಒಳಪಟ್ಟವರು ಎಂಬರ್ಥದ ಹಳೆಯ ಪದವನ್ನು ತೆಗೆದು, ಭಾಗವಹಿಸುವವರು ಎಂಬ ಪದವನ್ನು ಅಲ್ಲಿ ಹಾಕಲಾಯಿತು. ಪದ ಬದಲಾದರೆ ಎಲ್ಲವೂ ಬದಲಾಗದು. ಆದರೆ ಎದುರಿಗಿರುವವನು ಸಂಶೋಧಕನ ಕೈಯ ವಸ್ತುವಲ್ಲ, ಜೊತೆಗಾರ ಎಂಬ ಎಣಿಕೆ ಆ ಪದದಲ್ಲಿದೆ.

ಟಸ್ಕೀಗಿ ಬಯಲಾದ ಮೇಲೆ ಅಮೆರಿಕ ಒಂದು ರಾಷ್ಟ್ರೀಯ ಆಯೋಗ ನೇಮಿಸಿತು. 1979ರಲ್ಲಿ ಪ್ರಕಟವಾದ ಅದರ ಬೆಲ್ಮಾಂಟ್ ವರದಿ ಮೂರು ತತ್ತ್ವಗಳನ್ನು ಮುಂದಿಟ್ಟಿತು. ಇಂದಿಗೂ ಎಲ್ಲ ದೇಶಗಳ ನಿಯಮಗಳಲ್ಲಿ ಇವುಗಳ ನೆರಳಿದೆ.

ಮೊದಲನೆಯದು ವ್ಯಕ್ತಿಗೆ ಗೌರವ. ತನ್ನ ಮೈಗೆ ಏನಾಗಬೇಕೆಂದು ತೀರ್ಮಾನಿಸುವ ಹಕ್ಕು ಅವನದೇ. ಓದು ಬಾರದವನೆಂದೋ ಬಡವನೆಂದೋ ಆ ಹಕ್ಕು ಕಡಿಮೆಯಾಗದು. ಮಕ್ಕಳು, ಬುದ್ಧಿ ಕುಂದಿದವರು, ಸೆರೆಯಲ್ಲಿರುವವರು ಸ್ವತಂತ್ರವಾಗಿ ತೀರ್ಮಾನಿಸಲು ಆಗದ ಕಾರಣ ಅವರಿಗೆ ಹೆಚ್ಚಿನ ರಕ್ಷಣೆ ಬೇಕು.

ಎರಡನೆಯದು ಹಿತ. ಆಗಬಹುದಾದ ತೊಂದರೆ ಆದಷ್ಟು ಕಡಿಮೆಯಿರಬೇಕು, ಸಿಗುವ ಪ್ರಯೋಜನ ಆ ತೊಂದರೆಗೆ ತಕ್ಕುದಾಗಿರಬೇಕು.

ಮೂರನೆಯದು ನ್ಯಾಯ. ಕಷ್ಟ ಒಬ್ಬರಿಗೆ, ಫಲ ಇನ್ನೊಬ್ಬರಿಗೆ ಎಂದಾಗಬಾರದು. ಔಷಧದ ಪ್ರಯೋಗಕ್ಕೆ ಧರ್ಮಾಸ್ಪತ್ರೆಯ ಬಡರೋಗಿ, ಅದು ಗೆದ್ದು ಮಾರುಕಟ್ಟೆಗೆ ಬಂದ ಮೇಲೆ ಕೊಳ್ಳಲು ಶ್ರೀಮಂತ ಎನ್ನುವುದಾದರೆ ಅಲ್ಲಿ ನ್ಯಾಯವಿಲ್ಲ.

ನಮ್ಮ ದೇಶದ ಅನುಭವ

ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎಂ.ಆರ್., 1980ರಲ್ಲೇ ಈ ಬಗ್ಗೆ ನೀತಿ ಹೇಳಿಕೆ ಪ್ರಕಟಿಸಿತು. ಅದನ್ನು ವಿಸ್ತರಿಸಿ 2000ದಲ್ಲಿ ಮಾರ್ಗಸೂಚಿ ಹೊರತಂದ ಕೇಂದ್ರ ಸಮಿತಿಯ ಅಧ್ಯಕ್ಷರು ನಮ್ಮ ಕರ್ನಾಟಕದವರೇ ಆದ, ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು. ಮುಂದೆ 2006ರಲ್ಲಿಯೂ 2017ರಲ್ಲಿಯೂ ಇದು ಪರಿಷ್ಕೃತವಾಯಿತು.

ಆದರೆ ಮಾರ್ಗಸೂಚಿ ಪುಸ್ತಕದಲ್ಲಿದ್ದರೆ ಸಾಲದು ಎಂಬುದನ್ನು ಒಂದು ಪ್ರಕರಣ ತೋರಿಸಿತು. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರಾ ಜಿಲ್ಲೆಯಲ್ಲಿಯೂ 10ರಿಂದ 14 ವರ್ಷದ ಸಾವಿರಾರು ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್.ಪಿ.ವಿ. ಲಸಿಕೆ ಹಾಕುವ ಅಧ್ಯಯನ ಆರಂಭವಾಯಿತು. ವಿದೇಶಿ ಸಂಸ್ಥೆಯೊಂದರ ಜೊತೆ ಐ.ಸಿ.ಎಂ.ಆರ್. ಹಾಗೂ ರಾಜ್ಯ ಸರಕಾರಗಳೂ ಇದರಲ್ಲಿ ಕೈಜೋಡಿಸಿದ್ದವು. ಮಕ್ಕಳಲ್ಲಿ ಬಹಳಷ್ಟು ಮಂದಿ ಬುಡಕಟ್ಟಿನವರು, ಸರಕಾರಿ ಹಾಸ್ಟೆಲುಗಳಲ್ಲಿದ್ದವರು. ಏಳು ಮಕ್ಕಳು ಸತ್ತ ಸುದ್ದಿ ಬಂದಾಗ, 2010ರ ಏಪ್ರಿಲ್ ತಿಂಗಳಲ್ಲಿ ಅಧ್ಯಯನವನ್ನು ನಿಲ್ಲಿಸಲಾಯಿತು.

ಸಾವುಗಳಿಗೆ ಬಹುಮಟ್ಟಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು. ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು, ಕೀಟನಾಶಕ ಕುಡಿದದ್ದು ಇಂಥ ಕಾರಣಗಳು ಅವುಗಳಲ್ಲಿದ್ದವು. ಆದರೆ ಒಪ್ಪಿಗೆ ಪತ್ರಗಳನ್ನು ತೆಗೆದು ನೋಡಿದಾಗ ಬೇರೆಯೇ ಚಿತ್ರ ಕಂಡಿತು. ತಂದೆತಾಯಿ ಸಹಿ ಹಾಕಬೇಕಾದ ಕಡೆ ಹಾಸ್ಟೆಲಿನ ವಾರ್ಡನ್‌ಗಳ ಸಹಿಗಳಿದ್ದವು. ಸಂಸತ್ತಿನ ಸ್ಥಾಯಿ ಸಮಿತಿ 2013ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಉಲ್ಲೇಖಿಸಿದಂತೆ, ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ವಾರ್ಡನ್‌ಗಳೇ ಸಹಿ ಹಾಕಿದ್ದರು. 1,948ರಲ್ಲಿ ಹೆಬ್ಬೆಟ್ಟಿನ ಗುರುತಿತ್ತು. ಇದು ಸರಕಾರದ ಎಂದಿನ ಲಸಿಕೆ ಕಾರ್ಯಕ್ರಮ ಎಂದೇ ಎಷ್ಟೋ ಮಂದಿ ತಿಳಿದಿದ್ದರು.

ಇಲ್ಲಿ ಒಂದು ಮಾತನ್ನು ಎಚ್ಚರಿಕೆಯಿಂದ ಹೇಳಬೇಕು. ಆ ಲಸಿಕೆ ಕೆಟ್ಟದ್ದಲ್ಲ. ಅನೇಕ ದೇಶಗಳಲ್ಲಿ ಅದು ಹೆಣ್ಣುಮಕ್ಕಳನ್ನು ಕ್ಯಾನ್ಸರಿನಿಂದ ಕಾಪಾಡಿದೆ. ನಮ್ಮಲ್ಲೂ ಅದರ ಅಗತ್ಯ ಇದೆ. ಆದರೆ ಒಪ್ಪಿಗೆಯ ಕೆಲಸವನ್ನು ಕಾಟಾಚಾರಕ್ಕೆ ಮಾಡಿದ್ದರಿಂದ ಒಳ್ಳೆಯ ಲಸಿಕೆಯ ಮೇಲೂ ಅನುಮಾನದ ನೆರಳು ಬಿತ್ತು. ಅಮೆರಿಕದಲ್ಲಿಯೂ ಹಾಗೆಯೇ: ಟಸ್ಕೀಗಿಯ ಹೆಸರು ಕೇಳಿ ಬೆಳೆದ ಕಪ್ಪು ಜನರಲ್ಲಿ ಆಸ್ಪತ್ರೆಯ ಮೇಲಿನ ಶಂಕೆ ತಲೆಮಾರುಗಳವರೆಗೆ ಉಳಿಯಿತು. ಸಹಿಯೊಂದನ್ನು ಬೇಗ ಪಡೆದು ಉಳಿಸಿದ ಅರ್ಧ ಗಂಟೆಗೆ ಇಡೀ ಸಮಾಜ ಇಷ್ಟು ದೊಡ್ಡ ಬಡ್ಡಿ ಕಟ್ಟಬೇಕಾಗುತ್ತದೆ.

ಈಗಿನ ಕಾನೂನು ಏನು ಹೇಳುತ್ತದೆ

ಇಂಥ ಘಟನೆಗಳ ನಂತರ, ಸುಪ್ರೀಂ ಕೋರ್ಟಿನ ಮುಂದೆಯೂ ವಿಷಯ ಬಂದ ಮೇಲೆ, ನಿಯಮಗಳು ಬಿಗಿಯಾದವು. ಔಷಧ ಪ್ರಯೋಗಗಳು 2009ರ ಜೂನ್‌ನಿಂದ ಸಾರ್ವಜನಿಕ ದಾಖಲೆಯಲ್ಲಿ ಕಡ್ಡಾಯವಾಗಿ ನೋಂದಣಿಯಾಗಬೇಕು. 2019ರ ಹೊಸ ಔಷಧಗಳ ಮತ್ತು ಔಷಧ ಪ್ರಯೋಗಗಳ ನಿಯಮಗಳು ಈ ಮುಂದಿನ ಏರ್ಪಾಡುಗಳನ್ನು ಮಾಡಿವೆ.

ಪ್ರತಿ ಪ್ರಯೋಗಕ್ಕೂ ನೀತಿ ಸಮಿತಿಯ ಅನುಮತಿ ಬೇಕು. ಆ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ವೈದ್ಯರಷ್ಟೇ ಇದ್ದರೆ ಆಗದು. ಕಾನೂನು ತಿಳಿದವರು, ಮಹಿಳೆ, ಸಾಮಾನ್ಯ ನಾಗರಿಕರು ಇರಲೇಬೇಕು. ಕನಿಷ್ಠ ಅರ್ಧದಷ್ಟು ಸದಸ್ಯರು ಆ ಸಂಸ್ಥೆಗೆ ಸೇರದವರಾಗಿರಬೇಕು, ಅಧ್ಯಕ್ಷರೂ ಹೊರಗಿನವರೇ ಆಗಿರಬೇಕು. ಸಾಮಾನ್ಯ ನಾಗರಿಕರು ಏಕೆ ಬೇಕು? "ಈ ಕಾಗದ ನನಗೇ ಅರ್ಥವಾಗುತ್ತಿಲ್ಲ, ರೋಗಿಗೆ ಹೇಗೆ ಅರ್ಥವಾದೀತು?" ಎಂದು ಕೇಳುವವರು ಅಲ್ಲಿ ಒಬ್ಬರಾದರೂ ಇರಬೇಕು.

ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು. ಪ್ರಯೋಗದ ಕಾರಣದಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಪರಿಹಾರ ಕೊಡಬೇಕು. ಓದು ಬರಹ ಬಾರದವರಿಂದ ಒಪ್ಪಿಗೆ ಪಡೆಯುವಾಗ, ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಮೊದಲಿನಿಂದ ಕೊನೆಯವರೆಗೆ ಎದುರಿಗಿರಬೇಕು. ತೀರ ಹೊಸ ಔಷಧದ ಅಣುಗಳ ಪ್ರಯೋಗದಲ್ಲಿ, ದುರ್ಬಲ ಸ್ಥಿತಿಯಲ್ಲಿರುವವರಿಗೆ ವಿವರಿಸಿ ಒಪ್ಪಿಗೆ ಪಡೆಯುವುದನ್ನು ಧ್ವನಿ ಮತ್ತು ಚಿತ್ರ ಸಹಿತ ದಾಖಲಿಸಬೇಕು.

ತಿಳಿಯುವ ಕನ್ನಡದಲ್ಲಿ

ಮಾಹಿತಿ ಪತ್ರ ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂಬುದು ನಿಯಮ. ನಮ್ಮ ರಾಜ್ಯದಲ್ಲಿ ಬಹುಮಂದಿಗೆ ಅದು ಕನ್ನಡ. ಆದರೆ ಎಂಥ ಕನ್ನಡ? "ನಿಮ್ಮನ್ನು ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು" ಎಂದು ಬರೆದರೆ ಅದು ಕನ್ನಡ ಲಿಪಿಯಲ್ಲಿದೆಯೇ ಹೊರತು ಕೇಳಿದವರಿಗೆ ದಾರಿ ತೋರಿಸುವುದಿಲ್ಲ. "ಹೊಸ ಮಾತ್ರೆಯೋ ಹಳೆಯ ಮಾತ್ರೆಯೋ ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ, ಡಾಕ್ಟರು ಆರಿಸುವುದಿಲ್ಲ" ಎಂದರೆ ಬೀದರಿನವರಿಗೂ ತಿಳಿಯುತ್ತದೆ, ಚಾಮರಾಜನಗರದವರಿಗೂ ತಿಳಿಯುತ್ತದೆ. "ಪ್ರತಿಕೂಲ ಪರಿಣಾಮಗಳು" ಎನ್ನುವುದಕ್ಕಿಂತ "ವಾಂತಿ, ತಲೆಸುತ್ತು, ಮೈಮೇಲೆ ದದ್ದು ಬರಬಹುದು" ಎಂದರೆ ಅಮ್ಮಂದಿರಿಗೆ ಏನು ಗಮನಿಸಬೇಕೆಂದು ಗೊತ್ತಾಗುತ್ತದೆ. ವಿವರಿಸಿದ ಮೇಲೆ "ಗೊತ್ತಾಯ್ತಾ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. "ನಿಮಗೆ ತಿಳಿದದ್ದನ್ನು ನಿಮ್ಮ ಮಾತಿನಲ್ಲೇ ಒಂದು ಸಲ ಹೇಳಿ" ಎಂದು ಕೇಳುವುದು ಉತ್ತಮ ಕ್ರಮ.

ಇನ್ನೊಂದು ತೊಡಕು ನಮ್ಮ ಸಮಾಜದ್ದು. ವೈದ್ಯರ ಮಾತಿಗೆ, ಊರ ಹಿರಿಯರ ಮಾತಿಗೆ ಎದುರಾಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಸಂಶೋಧಕರು ಹಳ್ಳಿಗೆ ಬಂದಾಗ ಪಂಚಾಯಿತಿಯವರನ್ನೂ ಯಜಮಾನರನ್ನೂ ಮೊದಲು ಕಾಣುವುದು ಸರಿಯೇ. ಆದರೆ ಯಜಮಾನರು ಹೂಂ ಎಂದರೆ ಊರವರೆಲ್ಲ ಒಪ್ಪಿದಂತಲ್ಲ. ಗಂಡ ಒಪ್ಪಿದರೆ ಹೆಂಡತಿ ಒಪ್ಪಿದಂತಲ್ಲ. ಮಾರ್ಗಸೂಚಿಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಏಳು ವರ್ಷ ದಾಟಿದ ಮಕ್ಕಳಿಗೂ ಅವರ ಮಟ್ಟಕ್ಕೆ ತಕ್ಕಂತೆ ವಿವರಿಸಿ ಅವರ ಸಮ್ಮತಿ ಕೇಳಬೇಕು.

ಹಣದ ವಿಷಯವೂ ಹೀಗೆಯೇ. ಬಸ್ ಚಾರ್ಜು, ಕಳೆದುಕೊಂಡ ದಿನಗೂಲಿ ಕೊಡುವುದು ನ್ಯಾಯ. ಆದರೆ ಹಣದ ಆಸೆಗೇ ಅಪಾಯಕ್ಕೆ ಒಡ್ಡಿಕೊಳ್ಳುವಷ್ಟು ದೊಡ್ಡ ಮೊತ್ತ ತೋರಿಸುವುದು ಒಪ್ಪಿಗೆಯನ್ನು ಕೊಂಡುಕೊಂಡಂತೆ. ಮಣ್ಣಿಗೆ 50 ಡಾಲರ್ ಎಂದದ್ದನ್ನು ಇಲ್ಲಿ ನೆನೆಯಬಹುದು.

ಪ್ರಶ್ನೆ ಕೇಳುವುದೂ ಸಂಶೋಧನೆಯೇ

ಔಷಧ ಕೊಟ್ಟರೆ ಮಾತ್ರ ಸಂಶೋಧನೆ ಎಂದಲ್ಲ. ಮನೆಬಾಗಿಲಿಗೆ ಬಂದು ಪ್ರಶ್ನೆ ಕೇಳುವ ಸಮೀಕ್ಷೆಯೂ, ವಿದ್ಯಾರ್ಥಿಗಳು ಪದವಿಗಾಗಿ ನಡೆಸುವ ಸಂದರ್ಶನವೂ ಮನುಷ್ಯರನ್ನು ಕುರಿತ ಸಂಶೋಧನೆಯೇ. ಇಲ್ಲಿ ಮೈಗೆ ಅಪಾಯವಿಲ್ಲದಿರಬಹುದು, ಮಾನಕ್ಕೆ ಉಂಟು. ಗರ್ಭಪಾತದ ಬಗ್ಗೆಯೋ ಗಂಡನ ಕುಡಿತದ ಬಗ್ಗೆಯೋ ಸೊಸೆಯನ್ನು ಜಗುಲಿಯ ಮೇಲೆ, ಅತ್ತೆಯ ಎದುರಿಗೆ ಕೇಳಿದರೆ ಏನಾದೀತು? ಆಕೆ ಸುಳ್ಳು ಹೇಳುತ್ತಾಳೆ, ಇಲ್ಲವೇ ನಿಜ ಹೇಳಿ ಸಂಕಟಕ್ಕೆ ಸಿಕ್ಕುತ್ತಾಳೆ. ಏಕಾಂತದಲ್ಲಿ ಕೇಳುವುದು, ಹೆಸರನ್ನು ಉತ್ತರದಿಂದ ಬೇರೆ ಇಡುವುದು, ವರದಿಯಲ್ಲಿ ಗುರುತು ಸಿಗದಂತೆ ಬರೆಯುವುದು ಸಂಶೋಧಕನ ಕರ್ತವ್ಯ. ಸಣ್ಣ ಊರಿನಲ್ಲಿ ಹೆಸರು ಬಿಟ್ಟರೆ ಸಾಲದು. "ಶಾಲೆಯ ಪಕ್ಕದ ಮನೆಯ ವಿಧವೆ" ಎಂದರೂ ಸಾಕು, ಊರಿಗೆಲ್ಲ ಯಾರೆಂದು ಗೊತ್ತಾಗುತ್ತದೆ.

ನೀವು ಕೇಳಬೇಕಾದ ಪ್ರಶ್ನೆಗಳು

ನಿಮ್ಮ ಮುಂದೆಯೂ ಒಂದು ದಿನ ಇಂಥ ಕಾಗದ ಬರಬಹುದು. ಆಗ ಸಂಕೋಚ ಬಿಟ್ಟು ಕೇಳಿ:

1. ಇದು ನನ್ನ ಚಿಕಿತ್ಸೆಯೋ, ಸಂಶೋಧನೆಯೋ? ಯಾರು ನಡೆಸುತ್ತಿದ್ದಾರೆ, ಹಣ ಯಾರದು?
2. ನನಗೆ ಏನೇನು ಮಾಡುತ್ತಾರೆ? ಎಷ್ಟು ಸಲ ಬರಬೇಕು, ಎಷ್ಟು ರಕ್ತ ತೆಗೆಯುತ್ತಾರೆ?
3. ಏನು ತೊಂದರೆ ಆಗಬಹುದು? ಆದರೆ ಚಿಕಿತ್ಸೆ ಯಾರು ಕೊಡುತ್ತಾರೆ, ಪರಿಹಾರ ಯಾರು ಕೊಡುತ್ತಾರೆ?
4. ಒಪ್ಪದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ? ನಡುವೆ ಬಿಟ್ಟರೆ?
5. ನನ್ನ ಹೆಸರು, ಕಾಯಿಲೆಯ ವಿವರ ಯಾರ ಕೈಗೆ ಹೋಗುತ್ತದೆ?
6. ನೀತಿ ಸಮಿತಿ ಒಪ್ಪಿದೆಯೇ? ದೂರು ಕೊಡಬೇಕಾದರೆ ಯಾರ ನಂಬರಿಗೆ ಫೋನ್ ಮಾಡಬೇಕು?
7. ಈ ಕಾಗದದ ಒಂದು ಪ್ರತಿ ನನಗೆ ಕೊಡುತ್ತೀರಾ? ಮನೆಯಲ್ಲಿ ಕೇಳಿ ಬರಲು ಸಮಯವಿದೆಯೇ?

ಕೊನೆಯ ಪ್ರಶ್ನೆಗೆ "ಇಲ್ಲ, ಈಗಲೇ ಹಾಕಿ" ಎಂಬ ಉತ್ತರ ಬಂದರೆ, ಸಹಿ ಹಾಕದಿರುವುದೇ ಲೇಸು.

ಈಗ ನಮ್ಮ ಅಜ್ಜನ ಬಳಿಗೆ ಮರಳೋಣ. ಅದೇ ಆಸ್ಪತ್ರೆ, ಅದೇ ಯುವಕ. ಆದರೆ ಈ ಸಲ ಅವನು ಅಜ್ಜನನ್ನು ಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತಿದ್ದಾನೆ. ಕಾಗದವನ್ನು ನಿಧಾನವಾಗಿ ಓದಿ ಹೇಳಿ, ಒಂದು ಪ್ರತಿಯನ್ನು ಮಡಚಿ ಕೈಗೆ ಕೊಡುತ್ತಾನೆ. "ಮಗನಿಗೆ ತೋರಿಸಿ ಅಜ್ಜಾ. ಮುಂದಿನ ವಾರ ಬಂದು ಹೇಳಿ. ಬೇಡ ಅಂದರೂ ನಿಮ್ಮ ಮಾತ್ರೆ ನಿಮಗೆ ಸಿಗುತ್ತೆ" ಎನ್ನುತ್ತಾನೆ. ಮುಂದಿನ ವಾರ ಅಜ್ಜ ಕನ್ನಡಕ ಹಾಕಿಕೊಂಡು ಬರುತ್ತಾರೆ. "ನೋಡಪ್ಪ, ಎಲ್ಲ ಓದಿಸಿ ಕೇಳಿದೆ. ತಿಂಗಳಿಗೆ ಎರಡು ಸಲ ಬರೋದು ನನ್ನ ಕೈಲಾಗಲ್ಲ. ನನಗೆ ಬೇಡ" ಎನ್ನುತ್ತಾರೆ. ಯುವಕ "ಆಗಲಿ ಅಜ್ಜಾ" ಎಂದು ಅವರನ್ನು ಎಂದಿನ ಔಷಧದ ಸಾಲಿಗೆ ಬಿಟ್ಟು ಬರುತ್ತಾನೆ. ಎಂದಿನ ಮಾತ್ರೆ, ಎಂದಿನ ಡಾಕ್ಟರು, ಅದೇ ಮುಖಭಾವ. ಹೀಗೆ ಬೇಡ ಎಂದವರಿಗೆ ಏನೂ ಕೆಡದ ಕಡೆಯಲ್ಲಿ, ಆಗಲಿ ಎಂದವರ ಸಹಿಗೆ ಬೆಲೆಯಿದೆ.